ಯುದ್ಧದ ಹಳೆಯ ಸಾಮಾನು: ಯಾವುದನ್ನು ಮಾರುತ್ತೇನೆ, ಯಾವುದನ್ನು ಮುಟ್ಟುವುದಿಲ್ಲ

ಎರಡನೇ ಮಹಾಯುದ್ಧದ ಕಾಲದ ಹಳೆಯ ಸಾಮಾನು ಕೂಡಿಸುವುದು, ಮಾರುವುದು ನನ್ನ ಕೆಲಸ. ಮೆಡಲ್, ಬ್ಯಾಡ್ಜ್, ಹೆಲ್ಮೆಟ್, ಕಾಗದಪತ್ರ, ಫೋಟೊ ಆಲ್ಬಂ. ಇದನ್ನು ಕೇಳಿದವರು ಸಾಮಾನ್ಯವಾಗಿ ಮೊದಲು ಕೇಳುವುದು, 'ನಾಜಿ ಚಿಹ್ನೆ ಇರೋದನ್ನ ಮಾರೋದು ತಪ್ಪಲ್ವಾ?' ಎಂದು. ಈ ಪ್ರಶ್ನೆ ನನಗೆ ಅಷ್ಟಾಗಿ ಕೆಲಸಕ್ಕೆ ಬಂದಿಲ್ಲ. ಅಡುಗೆ ಮಾಡುತ್ತಿದ್ದ ಸೈನಿಕನ ಬೆಲ್ಟಿನ ಮೇಲೂ ಆ ಚಿಹ್ನೆ ಇರುತ್ತದೆ. ಯಾವ ಗುರುತೂ ಇಲ್ಲದ ಒಂದು ಕನ್ನಡಕ ನಾಜಿಗಳ ಸಾವಿನ ಶಿಬಿರದಿಂದ ಬಂದಿರಬಹುದು. ಹಾಗಾಗಿ ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಇದು ಯಾರದ್ದು, ಅವರ ಕೈಯಿಂದ ಹೇಗೆ ಹೊರಬಂತು? ಇದಕ್ಕೆ ಜಾಸ್ತಿ ದುಡ್ಡು ಬರುತ್ತಿರುವುದು ಯಾತಕ್ಕೆ?

ಎರಡನೆಯದು ಜಾಸ್ತಿ ಕಿರಿಕಿರಿ ಮಾಡುವಂಥದ್ದು. ಜರ್ಮನಿಯ ಜೋಲಿಂಗನ್ ಚಾಕು, ಕತ್ತಿಗಳಿಗೆ ಹೆಸರಾದ ಊರು. ಸೇನೆಯ ಅಧಿಕಾರಿಗಳ ಬಾಕುಗಳೂ ಅಲ್ಲೇ ಆದವು, ಆ ಶಿಬಿರಗಳನ್ನು ನಡೆಸಿದ ನಾಜಿ ಪಕ್ಷದ ಎಸ್‌ಎಸ್ ಪಡೆಯ ಬಾಕುಗಳೂ ಅಲ್ಲೇ ಆದವು. ಉಕ್ಕು ಅದೇ, ಕೆಲಸಗಾರರೂ ಅವರೇ. ಆದರೂ ಎಸ್‌ಎಸ್ ಗುರುತಿದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಅಪರೂಪ ಅನ್ನೋದು ಒಂದು ಕಾರಣ, ಒಪ್ಪುತ್ತೇನೆ. ಉಳಿದದ್ದು ಆ ಹೆಸರಿನ ಭಯಕ್ಕೆ ಕೊಡುವ ದುಡ್ಡು. 2017ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಹಿಟ್ಲರನ ಬಂಕರಿನದು ಎನ್ನಲಾದ ಒಂದು ಟೆಲಿಫೋನ್ 2,43,000 ಡಾಲರಿಗೆ ಹರಾಜಾಯಿತು. ಅದರಲ್ಲಿ ಏನೇನು ಆದೇಶ ಹೊರಟಿರಬಹುದು ಎಂಬ ಊಹೆಯನ್ನು ತೆಗೆದುಬಿಡಿ, ಅದೊಂದು ಕೆಟ್ಟುಹೋದ ಫೋನು, ಅಷ್ಟೇ.

ಆದ್ದರಿಂದ ಎಸ್‌ಎಸ್ ಸಾಮಾನನ್ನು ನಾನು ಮ್ಯೂಸಿಯಂಗಳಿಗೆ, ಪಾಠಕ್ಕೆ ಬಳಸುವ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಹಾಗಂತ 'ಎಸ್‌ಎಸ್ ಕೆಟ್ಟದ್ದು, ಸೇನೆ ಸಾಚಾ' ಎಂದು ಗೆರೆ ಎಳೆದು ನಿಶ್ಚಿಂತೆಯಾಗಿ ಕೂರುವ ಹಾಗೂ ಇಲ್ಲ. ಈ ಕಥೆ ವ್ಯಾಪಾರಿಗಳಿಗೆ ಬಹಳ ಅನುಕೂಲ, ಆದರೆ ಸುಳ್ಳು. ಪೂರ್ವದ ರಣರಂಗದಲ್ಲಿ, ಅಂದರೆ ಸೋವಿಯತ್ ಒಕ್ಕೂಟದ ಕಡೆ, ಜರ್ಮನ್ ಸೇನೆಯೂ ಸಾಮೂಹಿಕ ಕೊಲೆಗಳಲ್ಲಿ ಪಾಲುಗೊಂಡಿತ್ತು. 1995ರಲ್ಲಿ ಹ್ಯಾಂಬರ್ಗ್‌ನಲ್ಲಿ ಶುರುವಾದ ಪ್ರದರ್ಶನ ಇದನ್ನೇ ಜನರ ಮುಂದಿಟ್ಟು ದೊಡ್ಡ ಗದ್ದಲ ಎಬ್ಬಿಸಿತು. ಅದಕ್ಕೇ ಸೇನೆಯ ಸಾಮಾನು ಮಾರುವಾಗ ವಿವರಣೆಯಲ್ಲಿ ಆ ದಳ ಎಲ್ಲಿತ್ತು, ಏನು ಮಾಡಿತು ಅನ್ನೋದನ್ನು ಗೊತ್ತಿದ್ದಷ್ಟು ಬರೆಯುತ್ತೇನೆ. 'ವೀರ', 'ಮೈ ನಡುಗಿಸುವ', 'ರಕ್ತ ಕಂಡ' ಇಂಥ ಮಾತು ಹಾಕುವುದಿಲ್ಲ. ಒಂದು ಸಾಲಿನ ಒಣ ವಿವರಣೆ ಓದಿದ ಮೇಲೂ ಕೊಳ್ಳಬೇಕು ಅನಿಸಿದವನು ಕೊಳ್ಳಲಿ.

ಇನ್ನು ಮೊದಲ ಪ್ರಶ್ನೆ, ಯಾರದ್ದು ಎಂಬುದು. ಇದಕ್ಕೆ ಜರ್ಮನ್ ಸೈನಿಕರ ಕೊರಳ ಬಿಲ್ಲೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅದು ಮೊಟ್ಟೆಯಾಕಾರದ ಲೋಹದ ತಗಡು. ಮುರಿಯಲು ಸುಲಭವಾಗಲಿ ಎಂದು ನಡುವೆ ಸಾಲಾಗಿ ಸೀಳುಗಳಿರುತ್ತವೆ. ಎರಡೂ ಅರ್ಧಗಳಲ್ಲಿ ಒಂದೇ ಬರಹ: ದಳ, ಕ್ರಮಸಂಖ್ಯೆ, ರಕ್ತದ ಗುಂಪು. ಹೆಸರಿರುವುದಿಲ್ಲ. ಸೈನಿಕ ಸತ್ತರೆ ಒಂದು ಅರ್ಧವನ್ನು ಮುರಿದು ದಾಖಲೆಗೆ ಕಳಿಸುತ್ತಿದ್ದರು. ಇನ್ನೊಂದು ಹೆಣದ ಜೊತೆಯಲ್ಲೇ ಉಳಿಯುತ್ತಿತ್ತು.

ಈಗ ಯೋಚಿಸಿ. ಮಣ್ಣು ಮೆತ್ತಿದ, ತುಕ್ಕು ತಿಂದ, ಆದರೆ ಮುರಿಯದ ಇಡೀ ಬಿಲ್ಲೆಯೊಂದನ್ನು ಯಾರೋ ಮಾರಲು ತರುತ್ತಾರೆ. ಕಳೆದುಹೋದ ಬಿಲ್ಲೆಯೂ ಆಗಿರಬಹುದು. ಆದರೆ ಬಹಳ ಸಲ ಅದರ ಅರ್ಥ ಬೇರೆ. ಅವನು ಸತ್ತದ್ದನ್ನು ಯಾರೂ ನೋಡಿಲ್ಲ, ಯಾರೂ ವರದಿ ಮಾಡಿಲ್ಲ, ಮನೆಯವರ ಪಾಲಿಗೆ ಅವನು ಕಾಣೆಯಾದವನು. ಲೋಹಶೋಧಕ ಹಿಡಿದು ಹೊರಟವನು ಮೂಳೆಗಳನ್ನು ಅಲ್ಲೇ ಬಿಟ್ಟು ಬಿಲ್ಲೆ ಮಾತ್ರ ಎತ್ತಿಕೊಂಡು ಬಂದಿದ್ದಾನೆ. ಆ ಮೂಳೆಗಳಿಗೆ ಇನ್ನು ಹೆಸರು ಸಿಗುವ ದಾರಿಯೇ ಮುಚ್ಚಿತು. 1919ರಲ್ಲಿ ಶುರುವಾದ ಫೋಕ್ಸ್‌ಬುಂಡ್ ಎಂಬ ಜರ್ಮನ್ ಸಂಸ್ಥೆ ಇಂಥವರನ್ನು ಇವತ್ತಿಗೂ ಹುಡುಕಿ, ಗುರುತಿಸಿ, ಮಣ್ಣು ಮಾಡುತ್ತಿದೆ. ಅವರ ಕೆಲಸ ನಿಂತಿರುವುದು ಇದೇ ತಗಡಿನ ಮೇಲೆ.

ಅಂಥ ಬಿಲ್ಲೆ ಬಂದರೆ ನಾನು ಕೊಳ್ಳುವುದಿಲ್ಲ. ಹಾಗೆಂದು ಸುಮ್ನೆ ವಾಪಸ್ ಕಳಿಸಿದರೂ ಪ್ರಯೋಜನವಿಲ್ಲ, ಬೇರೆ ಯಾರೋ ಕೊಳ್ಳುತ್ತಾರೆ. ಎರಡೂ ಬದಿಯ ಫೋಟೊ ತೆಗೆಯಲು ಒಪ್ಪಿಗೆ ಕೇಳುತ್ತೇನೆ. ಎಲ್ಲಿ ಸಿಕ್ಕಿತು ಎಂದು ಕೇಳುತ್ತೇನೆ. ಒಬ್ಬರು 'ಅದೆಲ್ಲಾ ಯಾಕೆ ಸರ್ ನಿಮಗೆ, ಬೆಲೆ ಹೇಳಿ' ಅಂದರು. ಆ ಬರಹದಿಂದ ಹೆಸರು ಹುಡುಕಬಹುದು, ದಾಖಲೆಗಳು ಜರ್ಮನಿಯ ಫೆಡರಲ್ ಆರ್ಕೈವ್‌ನಲ್ಲಿವೆ ಎಂದು ವಿವರಿಸಿದೆ. ಕೆಲವರು ಇಷ್ಟಕ್ಕೆ ಮೆತ್ತಗಾಗುತ್ತಾರೆ. ಅವರು ಮೆತ್ತಗಾಗಲಿಲ್ಲ.

ಜಪಾನಿ ಸೈನಿಕರ ಬಾವುಟಗಳದ್ದು ಇದಕ್ಕಿಂತ ಸುಲಭದ ಲೆಕ್ಕ. ಯುದ್ಧಕ್ಕೆ ಹೊರಟವನ ಬಾವುಟದ ಮೇಲೆ ಮನೆಯವರು, ಗೆಳೆಯರು, ನೆರೆಹೊರೆಯವರು ತಮ್ಮ ಹೆಸರು, ಹಾರೈಕೆ ಬರೆಯುತ್ತಿದ್ದರು. ಅವನು ಅದನ್ನು ಮೈಮೇಲೇ ಇಟ್ಟುಕೊಳ್ಳುತ್ತಿದ್ದ. ಎದುರಾಳಿ ಸೈನಿಕರು ಹೆಣಗಳಿಂದ ತೆಗೆದು ನೆನಪಿಗೆಂದು ಮನೆಗೆ ಒಯ್ದರು. ಯಾರದ್ದು ಅನ್ನೋ ಪ್ರಶ್ನೆಗೆ ಉತ್ತರ ಬಟ್ಟೆಯ ಮೇಲೇ ಬರೆದಿದೆ! ಅಮೆರಿಕದ ಓರೆಗನ್‌ನಲ್ಲಿರುವ ಓಬೊನ್ ಸೊಸೈಟಿ ಇವುಗಳ ಮನೆಯವರನ್ನು ಹುಡುಕಿ ಮರಳಿಸುತ್ತದೆ. ನನ್ನ ಬಳಿ ಬಂದರೆ ಮಾಲೀಕರಿಗೆ ಆ ದಾರಿ ತೋರಿಸುತ್ತೇನೆ. ಕಮಿಷನ್ ಇಲ್ಲ.

ಮನುಷ್ಯರ ಮೂಳೆ, ಹಲ್ಲು, ಕೂದಲು ಮುಟ್ಟುವುದೇ ಇಲ್ಲ. ಇಂಥವನ್ನು ನೆನಪಿನ ಕಾಣಿಕೆಯಾಗಿ ಇಟ್ಟುಕೊಂಡದ್ದು ಒಂದೇ ಪಕ್ಷದವರು ಎಂದು ತಿಳಿಯಬೇಡಿ. 1944ರ ಮೇ ತಿಂಗಳಲ್ಲಿ ಅಮೆರಿಕದ ಲೈಫ್ ಪತ್ರಿಕೆ ಒಂದು ಫೋಟೊ ಹಾಕಿತ್ತು. ಯುವತಿಯೊಬ್ಬಳು ಮೇಜಿನ ಮುಂದೆ ಕೂತು ಪತ್ರ ಬರೆಯುತ್ತಿದ್ದಾಳೆ, ಮೇಜಿನ ಮೇಲೆ ಜಪಾನಿ ಸೈನಿಕನ ತಲೆಬುರುಡೆ. ಅವಳ ಗೆಳೆಯ ಯುದ್ಧಭೂಮಿಯಿಂದ ಕಳಿಸಿದ ಉಡುಗೊರೆ. ಅದೇ ವರ್ಷ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಸಂಸದರೊಬ್ಬರು ಜಪಾನಿ ಸೈನಿಕನ ಮೂಳೆಯಿಂದ ಮಾಡಿದ ಲಕೋಟೆ ಬಿಡಿಸುವ ಚಾಕು ಕೊಟ್ಟರು. ಆಮೇಲೆ ರೂಸ್‌ವೆಲ್ಟ್ ಅದನ್ನು ಹಿಂದಿರುಗಿಸಿ, ಹೂಳುವುದು ಸರಿ ಎಂದರು. ಗೆದ್ದವರು ತಂದ ವಸ್ತು ಎಂದರೆ ತಾನಾಗೇ ಶುದ್ಧ ಎಂದು ನಂಬುವ ಸಂಗ್ರಾಹಕರಿಗೆ ನಾನು ಈ ಎರಡನ್ನೂ ಹೇಳುವುದುಂಟು.

ನಾಜಿ ಶಿಬಿರಗಳ ಸಾಮಾನಿಗೆ ಬಂದರೆ, ಯಹೂದಿಗಳು ಬಲವಂತಕ್ಕೆ ಹಾಕಿಕೊಳ್ಳಬೇಕಿದ್ದ ಹಳದಿ ನಕ್ಷತ್ರ, ಕೈದಿಗಳ ಪಟ್ಟೆ ಬಟ್ಟೆ ಇವನ್ನು ಮಾರುವುದಿಲ್ಲ. ಕೊಂಡು ದಾನ ಮಾಡುವುದೂ ಇಲ್ಲ. ನಾನು ಒಮ್ಮೆ ದುಡ್ಡು ಕೊಟ್ಟರೆ ಇದಕ್ಕೆ ಗಿರಾಕಿ ಇದ್ದಾನೆ ಎಂದು ಸುದ್ದಿ ಹಬ್ಬುತ್ತದೆ, ಮರುದಿನವೇ ನಕಲಿಗಳು ಹುಟ್ಟುತ್ತವೆ. ಈ ಮಾತಿಗೆ ಬೇರೆಯವರ ಆಕ್ಷೇಪ ಇದೆ. 2019ರಲ್ಲಿ ಮ್ಯೂನಿಕ್‌ನ ಹರಾಜಿನಲ್ಲಿ ಅಬ್ದಲ್ಲಾ ಶತೀಲಾ ಎಂಬ ಲೆಬನಾನ್ ಮೂಲದ ಉದ್ಯಮಿ ಹಿಟ್ಲರನ ಟೋಪಿ ಮತ್ತಿತರ ವಸ್ತುಗಳನ್ನು ಸುಮಾರು 6 ಲಕ್ಷ ಯೂರೊ ಕೊಟ್ಟು ಕೊಂಡರು. ನವನಾಜಿಗಳ ಕೈಗೆ ಹೋಗಬಾರದು ಎಂದು ಇಸ್ರೇಲಿಗಾಗಿ ಹಣ ಕೂಡಿಸುವ ಒಂದು ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಗೌರವ ಇದೆ. ಆದರೆ ಆ ದುಡ್ಡು ಯಾರ ಜೇಬಿಗೆ ಹೋಯಿತು? ಮುಂದಿನ ಮಾರಾಟಗಾರ ಅದೇ ಬೆಲೆ ತೋರಿಸಿ ತನ್ನ ಟೋಪಿಗೆ ರೇಟು ಹೇಳುವುದಿಲ್ಲವೇ? ಅದಕ್ಕೆ ನಾನು ಇಂಥ ಸಾಮಾನು ಇಟ್ಟುಕೊಂಡ ಮನೆಯವರನ್ನು ನೇರವಾಗಿ ಮ್ಯೂಸಿಯಂ ಜೊತೆ ಮಾತಾಡಿಸಿ ಪಕ್ಕಕ್ಕೆ ಸರಿಯುತ್ತೇನೆ.

ಕಾನೂನನ್ನೂ ನೋಡಲೇಬೇಕು. ಜರ್ಮನಿಯಲ್ಲಿ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು ತಡೆಯುತ್ತದೆ. ಸಂಶೋಧನೆ, ಬೋಧನೆ, ಕಲೆಗೆ ವಿನಾಯಿತಿ. ಆಸ್ಟ್ರೇಲಿಯಾ 2024ರ ಜನವರಿಯಿಂದ ಈ ಚಿಹ್ನೆ ಇರುವ ಸಾಮಾನಿನ ವ್ಯಾಪಾರವನ್ನೇ ನಿಷೇಧಿಸಿದೆ. ಪ್ಯಾರಿಸ್ ನ್ಯಾಯಾಲಯದ 2000ದ ಆದೇಶದ ಬೆನ್ನಿಗೆ ಯಾಹೂ ಕಂಪನಿ ತನ್ನ ಆನ್‌ಲೈನ್ ಹರಾಜಿನಿಂದ ನಾಜಿ ಸಾಮಾನನ್ನು ತೆಗೆಯಿತು. ಪಾರ್ಸೆಲ್ ಕಳಿಸುವ ಮೊದಲು ಅತ್ತ ಕಡೆಯ ದೇಶದ ನಿಯಮ ನೋಡುತ್ತೇನೆ. ಆದರೆ ಕಾನೂನು ಅನುಮತಿಸಿತು ಎಂದರೆ ನನ್ನ ಕೆಲಸ ಮುಗಿದ ಹಾಗಲ್ಲ. ಮೇಲೆ ಹೇಳಿದ ಕೊರಳ ಬಿಲ್ಲೆ ಎಷ್ಟೋ ಕಡೆ ರಾಜಾರೋಷವಾಗಿ ಬಿಕರಿಯಾಗುತ್ತದೆ.

ಕೊಳ್ಳುವವರನ್ನು ಪರೀಕ್ಷೆ ಮಾಡುವ ಯಂತ್ರ ಯಾರ ಬಳಿಯೂ ಇಲ್ಲ. ಮಾತಾಡಿಸಿ ಅಂದಾಜು ಮಾಡುತ್ತೇನೆ. ಹೊಲಿಗೆ, ಮುದ್ರೆ, ದಳದ ದಾಖಲೆ ಕೇಳುವವನಿಗೆ ಚರಿತ್ರೆ ಬೇಕು. 'ಇದನ್ನು ಹಾಕಿಕೊಂಡವನು ಎಷ್ಟು ಜನರನ್ನು ಕೊಂದಿರಬಹುದು?' ಎಂದು ಕಣ್ಣರಳಿಸಿ ಕೇಳುವವನಿಗೆ 'ಮಾರಾಟಕ್ಕಿಲ್ಲ' ಅನ್ನುತ್ತೇನೆ. ಮಾತು ಕಲಿತು ಬಂದ ಜಾಣನೊಬ್ಬ ನನಗೆ ಟೋಪಿ ಹಾಕುವುದು ಕಷ್ಟವೇನಲ್ಲ, ಗೊತ್ತು.

ಮನೆಗಳಿಂದ ಬರುವ ಕರೆಗಳೇ ಈಗ ಜಾಸ್ತಿ. ಅಜ್ಜ ತೀರಿಕೊಂಡಿದ್ದಾರೆ, ಅಟ್ಟದಲ್ಲಿ ಟ್ರಂಕು ಸಿಕ್ಕಿದೆ, 'ಸುಟ್ಟುಬಿಡೋಣವಾ ಸರ್?' ಎಂದು ಕೇಳುತ್ತಾರೆ. ಸುಡಬೇಡಿ, ಬಿಡಿಸಿ ಮಾರಲೂ ಬೇಡಿ ಎನ್ನುತ್ತೇನೆ. ಆಲ್ಬಮ್ಮಿನ ಹಾಳೆ ಹರಿದು ಒಂದೊಂದೇ ಫೋಟೊ ಮಾರಿದರೆ ಇಡೀ ಆಲ್ಬಮ್ಮಿಗಿಂತ ಜಾಸ್ತಿ ದುಡ್ಡು ಬರುತ್ತದೆ, ಅದಕ್ಕೇ ಎಷ್ಟೋ ವ್ಯಾಪಾರಿಗಳು ಹಾಗೆ ಮಾಡುತ್ತಾರೆ. ಆಷ್‌ವಿಟ್ಸ್ ಎಂಬ ಸಾವಿನ ಶಿಬಿರದ ಅಧಿಕಾರಿ ಕಾರ್ಲ್ ಹೋಕರನ ಆಲ್ಬಂ 2007ರಲ್ಲಿ ವಾಷಿಂಗ್ಟನ್‌ನ ಹೊಲೊಕಾಸ್ಟ್ (ಯಹೂದಿ ನರಮೇಧ) ಮ್ಯೂಸಿಯಂ ಸೇರಿದಾಗ ಅದರಲ್ಲಿ 116 ಫೋಟೊಗಳಿದ್ದವು. ಶಿಬಿರದ ಅಧಿಕಾರಿಗಳು ಬಿಡುವಿನಲ್ಲಿ ನಗುತ್ತಾ, ಹಾಡುತ್ತಾ, ಹಣ್ಣು ತಿನ್ನುತ್ತಾ ಕೂತಿದ್ದಾರೆ. ಒಂದೊಂದನ್ನೇ ಮಾರಿದ್ದರೆ ಅವು ಯಾರೋ ಪಿಕ್ನಿಕ್ಕಿಗೆ ಹೋದ ಚಿತ್ರಗಳಾಗಿ ಉಳಿಯುತ್ತಿದ್ದವು. ಒಟ್ಟಿಗೆ ಇದ್ದುದರಿಂದಲೇ ಯಾರು, ಎಲ್ಲಿ, ಯಾವಾಗ ಎಂದು ಇತಿಹಾಸಕಾರರು ಜೋಡಿಸಲು ಆಯಿತು.

ಆದ್ದರಿಂದ ಮನೆಯವರಿಗೆ ನಾನು ಹೇಳುವುದು ಇಷ್ಟು. ಟ್ರಂಕಿನಲ್ಲಿ ಯಾವುದು ಯಾವುದರ ಪಕ್ಕ ಇತ್ತೋ ಹಾಗೇ ಫೋಟೊ ತೆಗೆಯಿರಿ. ಮೆಡಲ್‌ಗಳನ್ನು ಬೇರೆ ಬೇರೆ ಮಾಡಬೇಡಿ, ಪಾಲಿಶ್ ಹಾಕಬೇಡಿ. ಅಜ್ಜ ಏನು ಹೇಳುತ್ತಿದ್ದರು, ಏನು ಹೇಳುತ್ತಿರಲಿಲ್ಲ, ಎರಡನ್ನೂ ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಗ್ರೆನೇಡಿನಂಥದ್ದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ. ಆಮೇಲೆ ಮಾರುವ ಮಾತು. ಮಾರುವುದೇ ಆದರೆ, ಬರೆದಿಟ್ಟ ಹಾಳೆಯ ಒಂದು ಪ್ರತಿ ಸಾಮಾನಿನ ಜೊತೆಗೇ ಹೋಗಬೇಕು, ಇನ್ನೊಂದು ನನ್ನ ಕಡತದಲ್ಲಿ ಉಳಿಯಬೇಕು. ಕೊಂಡವನು ತನ್ನ ಪ್ರತಿಯನ್ನು ಹರಿದುಹಾಕಬಹುದು. ಹಾಗೆ ಹರಿದವರೂ ಇದ್ದಾರೆ. ವರ್ಷಗಳ ಮೇಲೆ ಅದೇ ಸಾಮಾನು ಬೇರೆ ಯಾವುದೋ ಹರಾಜಿನಲ್ಲಿ ಹೊಸ ಕಥೆ ಹೊತ್ತುಕೊಂಡು ಕಾಣಿಸಿದರೆ, ಕಡತದ ಪ್ರತಿಯನ್ನು ಆ ಹರಾಜಿನವರಿಗೆ ಕಳಿಸುತ್ತೇನೆ.