ಕೋಲು ಹೊಡೆದು ಕಲಿತ ಇಂಗ್ಲಿಷ್

ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಂದ ಬರುವವರು. ಮನೆಯಲ್ಲಿ ಕನ್ನಡ ಇದೆ, ತುಳು ಇದೆ, ತಮಿಳು ಇದೆ. ಈಗೀಗ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಇಂಗ್ಲಿಷ್ ಮಾತ್ರ ಯಾರ ಮನೆಯಲ್ಲೂ ಇಲ್ಲ. ಸರ್ಕಾರಿ ಶಾಲೆಗಳಿಗೆ 2007-08ರಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಿಂದಾಗಿ ನಮಗೆ ಹಾಡಿಸಿ ಕಲಿಸುವುದು ಮೊದಲೇ ರೂಢಿಯಿತ್ತು. ಇಂಗ್ಲಿಷನ್ನೂ ಹಾಗೇ ಕಲಿಸೋಣ ಅಂತ ಹೊರಟೆ.

ಮೊದಲ ವರ್ಷ ಸಿಕ್ಕಿದ ಶಿಶುಗೀತೆಗಳನ್ನೆಲ್ಲ ಹಾಡಿಸಿದೆ. ಮಕ್ಕಳು ಎಷ್ಟು ಚೆನ್ನಾಗಿ ಹಾಡಿದರು ಅಂದರೆ, ಇಂಗ್ಲಿಷ್ ಬಂದೇಬಿಟ್ಟಿತು ಅಂದುಕೊಂಡೆ. ಒಂದು ದಿನ ಹಾಡು ಮುಗಿಸಿದ ಹುಡುಗನನ್ನು ಹತ್ತಿರ ಕರೆದು, ಅದರಲ್ಲಿದ್ದ ಒಂದೇ ಒಂದು ಪದದ ಅರ್ಥ ಕೇಳಿದೆ. ಅವನು ಉತ್ತರ ಹೇಳಲಿಲ್ಲ. ಹಾಡನ್ನು ಮೊದಲಿನಿಂದ ಮತ್ತೆ ಹಾಡತೊಡಗಿದ. ಅವನಿಗೆ ಅದು ಪೂರ್ತಿ ಒಂದು ಸದ್ದು, ಎಲ್ಲಿ ಪದ ಮುಗಿಯುತ್ತೆ ಅಂತಲೂ ಗೊತ್ತಿರಲಿಲ್ಲ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ನಾನೇ ಹಾಡು ಕಟ್ಟತೊಡಗಿದೆ. ಮಕ್ಕಳು ದಿನಾ ನೋಡುವ ಸಂಗತಿ, ಒಂದೇ ವಾಕ್ಯ, ಅದರಲ್ಲಿ ಬದಲಾಯಿಸಬಹುದಾದ ಒಂದು ಪದ. ಅಷ್ಟೇ. ‘ಮೈ ಮದರ್ ಪಿಕ್ಸ್ ಕಾಫಿ ಇನ್ ದ ಎಸ್ಟೇಟ್.’ ಮದರ್ ಜಾಗಕ್ಕೆ ಫಾದರ್, ಕಾಫಿ ಜಾಗಕ್ಕೆ ಪೆಪ್ಪರ್. ಐ ಬಂದರೆ ಪಿಕ್, ಷಿ ಬಂದರೆ ಪಿಕ್ಸ್. ವ್ಯಾಕರಣದ ಆ ‘ಸ್’ ಅನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ!

ಈ ಸಾಲನ್ನು ನಮ್ಮ ಕಡೆಯ ಒಂದು ಕೋಲಾಟದ ಹಾಡಿನ ಧಾಟಿಗೆ ಕೂರಿಸಿದೆ. ಅಲ್ಲಿ ಎಡವಿದೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಇದೆ, ಲಘುವಾಗಲಿ ಗುರುವಾಗಲಿ. ಇಂಗ್ಲಿಷಿನಲ್ಲಿ ಹಾಗಲ್ಲ. ಕೆಲವು ಅಕ್ಷರಗಳ ಮೇಲೆ ಒತ್ತು ಬೀಳುತ್ತೆ, ಉಳಿದವು ಸಂದಿಯಲ್ಲಿ ನುಸುಳಿ ಹೋಗುತ್ತವೆ. ನನ್ನ ಧಾಟಿಯಲ್ಲಿ ಒತ್ತು ‘ಎಸ್ಟೇಟ್’ನ ‘ಎ’ ಮೇಲೆ ಬಿತ್ತು. ಮಕ್ಕಳು ಅದನ್ನೇ ಕಲಿತರು. ಸಾಲಿನ ಕೊನೆಯಲ್ಲಿ ರಾಗ ಎಳೆಯುವ ಜಾಗ ಬೇರೆ ಇತ್ತು, ಹಾಗಾಗಿ ಅದು ‘ಎಸ್ಟೇಟೂ’ ಆಯಿತು. ಹಾಡಿನಲ್ಲಿ ಕಲಿತ ತಪ್ಪು ಬಿಡಿಸೋದು ತುಂಬಾ ಕಷ್ಟ.

ಈಗ ರಾಗ ಕೊನೆಗೆ. ಮೊದಲು ವಾಕ್ಯವನ್ನು ಮಾತಾಡಿದ ಹಾಗೇ ಹೇಳಿ ಕೋಲು ಹೊಡೆಯುತ್ತೇವೆ. ‘ಮ’, ‘ಪಿ’, ‘ಕಾ’, ‘ಸ್ಟೇ’, ಒಟ್ಟು ನಾಲ್ಕೇ ಪೆಟ್ಟು. ‘ಇನ್ ದ’ಗೆ ಪೆಟ್ಟಿಲ್ಲ, ಅವೆರಡೂ ಎರಡು ಪೆಟ್ಟಿನ ನಡುವೆ ಓಡಿಹೋಗಬೇಕು. ಮಕ್ಕಳಿಗೆ ಇದು ಆಟ. ಪೆಟ್ಟು ಸರಿಯಾಗಿ ಬಿದ್ದ ಮೇಲೆ ಅದಕ್ಕೆ ಹೊಂದುವ ರಾಗ ಹುಡುಕುತ್ತೇವೆ, ಎಷ್ಟೋ ಸಲ ಮಕ್ಕಳೇ ಹುಡುಕಿಕೊಡುತ್ತಾರೆ.

ಪದದ ಕೊನೆಗೆ ‘ಉ’ ಸೇರಿಸೋದು ನಮ್ಮೆಲ್ಲರ ಅಭ್ಯಾಸ ಅಲ್ವಾ? ಬಸ್ಸು, ಕಾರು, ಪೆನ್ನು. ಕನ್ನಡಕ್ಕೆ ಅದೇ ಚೆಂದ. ಆದರೆ ಇಂಗ್ಲಿಷ್ ಮಾತಾಡುವಾಗ ‘ಕಪ್’ ಹೋಗಿ ‘ಕಪ್ಪು’ ಆದರೆ ಬಣ್ಣವೇ ಬಂದುಬಿಡುತ್ತೆ. ಅದಕ್ಕೆ ಸಾಲಿನ ಕೊನೆಗೆ ಕಪ್, ಮ್ಯಾಪ್, ಶಾಪ್ ಇಟ್ಟು ಹಾಡು ಕಟ್ಟುತ್ತೇನೆ. ಕೊನೆಯ ಪೆಟ್ಟು ಬಿದ್ದಾಗ ಎಲ್ಲರ ತುಟಿ ಮುಚ್ಚಿರಬೇಕು, ನಾನು ಮೂರು ಎಣಿಸುವ ತನಕ. ತುಟಿ ಬಿಟ್ಟವರು ಮುಂದಿನ ಸಾಲನ್ನು ಒಬ್ಬರೇ ಹಾಡಬೇಕು.

‘ಹ’ಕಾರಕ್ಕೂ ಒಂದು ಹಾಡಿದೆ. ನಮ್ಮ ಕಡೆ ಮಾತಿನಲ್ಲಿ ಹಾಸನ ‘ಆಸನ’ ಆಗುತ್ತೆ, ಹಾಲು ‘ಆಲು’ ಆಗುತ್ತೆ. ಅದು ನಮ್ಮ ಮನೆಮಾತು, ಅದನ್ನು ತಿದ್ದಲು ನಾನು ಹೋಗುವುದಿಲ್ಲ. ಇಂಗ್ಲಿಷ್ ‘ಹಿಲ್’ ಮಾತ್ರ ‘ಇಲ್’ ಆದರೆ ಬೆಟ್ಟ ಹೋಗಿ ಕಾಯಿಲೆ ಬರುತ್ತೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹಾಡಿಸುತ್ತೇನೆ. ಉಸಿರು ಬೆಚ್ಚಗೆ ತಾಗಿದರೆ ‘ಹ’ ಬಂತು ಅಂತ.

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಹಾಡು ಬಾಯಿಗೆ ಬಂದ ಮೇಲೆ ಇದೆ. ಮೂರನೇ ದಿನ ರಾಗ ತೆಗೆದುಬಿಡುತ್ತೇವೆ. ಕೋಲು ಕೆಳಗಿಟ್ಟು, ಇಬ್ಬಿಬ್ಬರು ಎದುರುಬದುರು ಕೂತು, ಅದೇ ಸಾಲನ್ನು ಪ್ರಶ್ನೆ ಮತ್ತು ಉತ್ತರ ಮಾಡಿ ಮಾತಾಡಬೇಕು. ಮೊದಮೊದಲು ಮಕ್ಕಳಿಗೆ ರಾಗ ಬಿಟ್ಟರೆ ಮಾತೇ ಹೊರಡುವುದಿಲ್ಲ. ಗುನುಗಿಕೊಂಡು, ಪದ ಹುಡುಕಿಕೊಂಡು ಹೇಳುತ್ತಾರೆ. ನಾನು ಸುಮ್ನೆ ಕಾಯುತ್ತೇನೆ.

ಹೋದ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಅಕಾಲದ ಮಳೆ ಹಿಡಿಯಿತು. ಬೆಳಿಗ್ಗೆ ಗೇಟಿನ ಹತ್ತಿರ ಮೂರನೇ ತರಗತಿಯ ಹುಡುಗಿಯೊಬ್ಬಳು ಒದ್ದೆ ಕೊಡೆ ಮಡಚುತ್ತಾ, ರಾಗವಿಲ್ಲದೆ, ನಾನು ಕೇಳದೆ ಹೇಳಿದಳು: ‘ಮೈ ಮದರ್ ಪಿಕ್ಸ್ ಕಾಫಿ. ಟುಡೇ ನೋ ಪಿಕ್. ರೈನ್.’ ಮಳೆಯ ಮಾತು ನಮ್ಮ ಹಾಡಿನಲ್ಲಿ ಇರಲೇ ಇಲ್ಲ. ಅವಳ ಕೈಯಿಂದ ಕೊಡೆ ತಗೊಂಡು ಗೋಡೆಗೆ ಒರಗಿಸಿ, ಇಬ್ಬರೂ ಒಳಗೆ ಹೋದೆವು. ಅವತ್ತು ಕಟ್ಟಿದ ಹೊಸ ಸಾಲು: ‘ಇಟ್ಸ್ ರೇನಿಂಗ್ ಟುಡೇ, ಷಿ ಈಸ್ ಅಟ್ ಹೋಮ್.’ ಕೊನೆಯಲ್ಲಿ ತುಟಿ ಮುಚ್ಚಿ ನಿಲ್ಲುವುದನ್ನು ಅವಳೇ ಎಲ್ಲರಿಗೂ ತೋರಿಸಿದಳು.