ಮಲೆನಾಡಿನ ಬಸ್ಸಲ್ಲಿ ಒಬ್ಬಳೇ ಓಡಾಡುವಾಗ ನಾನು ಮಾಡುವುದು

ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಕಡೆ ನಾನು ಒಬ್ಬಳೇ ಸುತ್ತುತ್ತೇನೆ, ಅದೂ ಬಸ್ಸಿನಲ್ಲೇ. "ಭಯ ಆಗಲ್ವಾ?" ಅಂತ ಕೇಳುವವರೇ ಜಾಸ್ತಿ. ನನ್ನ ಲೆಕ್ಕದಲ್ಲಿ ಇಲ್ಲಿ ಹೆದರಬೇಕಾದ್ದು ಒಂದಕ್ಕೇ: ಕತ್ತಲಾದ ಮೇಲೆ ಬಸ್ಸಿಲ್ಲದ ರಸ್ತೆಯಲ್ಲಿ ಒಂಟಿಯಾಗಿ ನಿಲ್ಲುವುದಕ್ಕೆ. ಅದಕ್ಕೇ ಎಲ್ಲಿಗೆ ಹೊರಟರೂ ಅಲ್ಲಿಂದ ವಾಪಸ್ ಬರುವ ಲಾಸ್ಟ್ ಬಸ್ ಎಷ್ಟು ಗಂಟೆಗೆ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಕೇಳಿದ ಮೇಲೂ ಅದನ್ನು ನಂಬಿ ಕೂರುವುದಿಲ್ಲ, ಅದರ ಹಿಂದಿನ ಬಸ್ಸನ್ನೇ ಹಿಡಿಯುತ್ತೇನೆ.

ರಾತ್ರಿ ಬಸ್ಸಿನಲ್ಲಿ ಬಂದರೆ ಶಿವಮೊಗ್ಗ ನಸುಕಿಗೇ ಸಿಕ್ಕಿಬಿಡುತ್ತದೆ. ಆಗ ಆಟೋ ಹತ್ತುವುದಿಲ್ಲ. ಬೆಳಕು ಹರಿಯುವ ತನಕ ನಿಲ್ದಾಣದಲ್ಲೇ, ನಾಲ್ಕು ಜನ ಇರುವ ಕಡೆ, ಟೀ ಕುಡಿಯುತ್ತಾ ಕೂರುತ್ತೇನೆ. ಸರ್ಕಾರಿ ನಿಲ್ದಾಣ, ಪ್ರೈವೇಟ್ ನಿಲ್ದಾಣ ಎರಡೂ ಅಕ್ಕಪಕ್ಕ ಇರುವುದರಿಂದ ಬ್ಯಾಗ್ ಹೊತ್ತು ಅಲೆಯುವ ಕಷ್ಟ ಇಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಪ್ರೈವೇಟ್ ಬಸ್ಸುಗಳದ್ದೇ ಕಾರುಬಾರು, ಅಲ್ಲಿ ಆಧಾರ್ ತೋರಿಸಿದರೆ ನಡೆಯುವುದಿಲ್ಲ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಬೇರೆ ಜೇಬಿನಲ್ಲಿ ಇಟ್ಟಿರುತ್ತೇನೆ. ಎಲ್ಲರೆದುರು ಪರ್ಸ್ ಬಿಚ್ಚುವ ಪ್ರಮೇಯವೇ ಬರಬಾರದು.

ಸೀಟು ಮುಂದುಗಡೆಯದ್ದೇ. ಹತ್ತಿದ ಕೂಡಲೇ ಕಂಡಕ್ಟರ್‌ಗೆ, "ಅಣ್ಣ, ನಂಗೆ ಈ ಊರು ಹೊಸದು. ಸಕ್ರೆಬೈಲು ಆನೆ ಬಿಡಾರದ ಹತ್ರ ಇಳಿಸಿ" ಅಂತ ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ಅಕ್ಕಪಕ್ಕದ ಹೆಂಗಸರ ಕಿವಿಗೂ ಬೀಳಲಿ ಅಂತ. ಅವರೇ "ಇನ್ನೂ ಬಂದಿಲ್ಲ, ಕೂತ್ಕೊಳ್ಳಿ, ಗಾಜನೂರು ಡ್ಯಾಂ ದಾಟ್ಲಿ" ಅನ್ನುತ್ತಾರೆ. ಮಳೆಗಾಲದಲ್ಲಂತೂ ಇದು ಬೇಕೇ ಬೇಕು. ಕಿಟಕಿ ಗಾಜು ಮಬ್ಬಾಗಿ ಹೊರಗಿನ ಬೋರ್ಡ್ ಕಾಣುವುದಿಲ್ಲ, ಕಾಡು ಶುರುವಾದರೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿರುತ್ತೇನೆ.

ಮಲೆನಾಡಿನ ಜನ ಮಾತಿಗೆ ಸಿಕ್ಕರೆ "ಯಾರ ಮನೆಗೆ?" ಅಂತ ಕೇಳದೆ ಬಿಡುವುದಿಲ್ಲ. ಅಕ್ಕರೆಯಿಂದಲೇ ಕೇಳುತ್ತಾರೆ. ವಯಸ್ಸಾದ ಅಮ್ಮಂದಿರ ಜೊತೆ ಅಡಿಕೆ, ಮಳೆ ಎಲ್ಲ ಮಾತಾಡುತ್ತೇನೆ. ಆದರೆ ಉಳಿದುಕೊಂಡಿರುವ ಲಾಡ್ಜಿನ ಹೆಸರನ್ನು ಬಸ್ಸಿನಲ್ಲಿ ಯಾರಿಗೂ ಹೇಳುವುದಿಲ್ಲ. "ಪರಿಚಯದವರು ಕಾಯ್ತಿದಾರೆ" ಅಂದರೆ ಸಾಕು. ನಿಜವಾದ ವಿಳಾಸ, ಹತ್ತಿದ ಬಸ್ಸಿನ ನಂಬರ್ ಪ್ಲೇಟಿನ ಫೋಟೋ ಮನೆಯಲ್ಲಿ ತಂಗಿಗೆ ಹೋಗಿರುತ್ತದೆ.

ಒಮ್ಮೆ ಸಂತೆ ದಿನದ ರಶ್ಶಿನಲ್ಲಿ ಒಬ್ಬ ಬೇಕಂತಲೇ ಮೈಮೇಲೆ ಒರಗುತ್ತಿದ್ದ. "ಆಚೆ ನಿಂತ್ಕೊಳ್ರೀ" ಅಂತ ಜೋರಾಗಿ ಅಂದೆ. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಅವನನ್ನು ಹಿಂದಕ್ಕೆ ಕಳಿಸಿ, ನನ್ನನ್ನು ಡ್ರೈವರ್ ಹಿಂದಿನ ಸೀಟಿಗೆ ಕೂರಿಸಿದರು. ಸುಮ್ನೆ ಸಹಿಸಿಕೊಂಡು ಕೂರಬೇಡಿ. ಒಂದು ಮಾತು ಜೋರಾಗಿ ಆಡಿದರೆ ಬಸ್ಸಿನಲ್ಲಿರುವವರು ನಿಮ್ಮ ಕಡೆ ನಿಲ್ಲುತ್ತಾರೆ. ಅದಕ್ಕೂ ಬಗ್ಗದಿದ್ದರೆ ತುರ್ತು ಸಹಾಯದ ನಂಬರ್ 112 ಇದೆ. ರೈಲಾದರೆ ರೈಲ್ವೆ ಸಹಾಯವಾಣಿ 139.

ಆಗುಂಬೆಗೆ ಮಾತ್ರ ಬೇರೆಯೇ ಲೆಕ್ಕ. ಸೂರ್ಯಾಸ್ತ ನೋಡಬೇಕು ಅಂದರೆ ಕತ್ತಲಾಗುವ ತನಕ ಇರಲೇಬೇಕಲ್ವಾ? ಹಾಗಾಗಿ ಅವತ್ತು ರಾತ್ರಿ ಊರಲ್ಲೇ ಉಳಿಯುತ್ತೇನೆ, ರೂಮು ಗೊತ್ತು ಮಾಡಿಕೊಂಡೇ ಬಸ್ ಹತ್ತುತ್ತೇನೆ. ನೋಡುವ ಜಾಗ ಊರಿನಿಂದ ಆಚೆ, ಘಾಟಿ ರಸ್ತೆಯಲ್ಲಿದೆ. ವಾಪಸ್ ನಡೆಯುವಾಗ ಬೇರೆ ಸಂಸಾರಸ್ಥರ ಜೊತೆ ಸೇರಿಕೊಳ್ಳುತ್ತೇನೆ, ಕೈಯಲ್ಲಿ ಟಾರ್ಚ್ ಇರುತ್ತದೆ. ಘಾಟಿ ಇಳಿದು ಉಡುಪಿ ಕಡೆ ಹೋಗುವುದಿದ್ದರೆ ಬೆಳಿಗ್ಗೆಯೇ ಮಿನಿ ಬಸ್ ಹಿಡಿಯುತ್ತೇನೆ. ಜೋರು ಮಳೆಯಲ್ಲಿ ಗುಡ್ಡ ಕುಸಿದರೆ ಘಾಟಿ ಬಂದ್ ಆಗುತ್ತದೆ. ಆ ಸುದ್ದಿ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತದೆ, ಅಲ್ಲೇ ಕೇಳಿಕೊಂಡು ಮುಂದೆ ಹೋಗಿ.