ಪ್ರೆಸ್ಬಿಟರಿಯ ಸುದ್ದಿಪತ್ರ: ತಾರೀಖು ತಪ್ಪದ ಹಾಗೆ ಕಟ್ಟುವ ಬಗೆ

ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಬಿಷಪ್ ಇಲ್ಲ. ಒಂದು ಊರಿನ ಸಭೆಯನ್ನು ಸಭಾಪಾಲಕರೂ ಆಯ್ಕೆಯಾದ ಹಿರಿಯರೂ ಕೂಡಿದ ಮಂಡಳಿ ನೋಡಿಕೊಳ್ಳುತ್ತದೆ, ಅದಕ್ಕೆ ಸೆಷನ್ ಅನ್ನುತ್ತಾರೆ. ಸುತ್ತಲಿನ ಹತ್ತಾರು ಸಭೆಗಳು ಸೇರಿದರೆ ಪ್ರೆಸ್ಬಿಟರಿ. ಅದರ ಮೇಲೆ ಸಿನಡ್, ಎಲ್ಲಕ್ಕೂ ಮೇಲೆ ಎರಡು ವರ್ಷಕ್ಕೊಮ್ಮೆ ಕೂಡುವ ಜನರಲ್ ಅಸೆಂಬ್ಲಿ. ದಕ್ಷಿಣ ಭಾರತದ ಸಿಎಸ್‌ಐ ಚರ್ಚಿನಲ್ಲಿ ಬೆಳೆದ ಕನ್ನಡದವರಿಗೆ ಪಾದ್ರಿಗೆ ಹೇಳುವ ಪ್ರೆಸ್ಬಿಟರ್ ಅನ್ನುವ ಪದ ಹೊಸದಲ್ಲ, ಆದರೆ ಬಿಷಪ್ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಎಲ್ಲ ಸಭೆಗಳಲ್ಲೂ ಓದಿ ಹೇಳುವ ಅಲ್ಲಿನ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಸಭೆಗಳಿಗೆ ವಿಷಯ ಮುಟ್ಟಿಸುವ ದಾರಿ ಪ್ರೆಸ್ಬಿಟರಿಯ ಸುದ್ದಿಪತ್ರವೇ. ಅದನ್ನು ಕಟ್ಟುವ ಕೆಲಸ ನನ್ನದು. ಕಟ್ಟುವ ಕ್ರಮವನ್ನು, ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಹೆಸರಿಗೆ ಸುದ್ದಿಪತ್ರವಾದರೂ ಇದರಲ್ಲಿ ಮುಕ್ಕಾಲು ಪಾಲು ಪಂಚಾಂಗದ ಕೆಲಸ. ಸುದ್ದಿ ಒಂದು ವಾರ ತಡವಾದರೆ ಯಾರಿಗೂ ನಷ್ಟವಿಲ್ಲ. ತಾರೀಖು ಒಂದು ದಿನ ತಪ್ಪಿದರೆ ನಲವತ್ತು ಮೈಲಿ ಕಾರು ಓಡಿಸಿಕೊಂಡು ಬಂದ ಎಂಬತ್ತು ವರ್ಷದ ಹಿರಿಯರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿರುತ್ತಾರೆ.

ಮೊದಲು ಬೇಕಾದದ್ದು ಒಂದೇ ಒಂದು ಮೂಲಪಟ್ಟಿ. ನಾನು ಸಾಮಾನ್ಯ ಗೂಗಲ್ ಶೀಟ್ ಬಳಸುತ್ತೇನೆ. ಒಂದು ಕಾರ್ಯಕ್ರಮಕ್ಕೆ ಒಂದು ಸಾಲು. ಕಾಲಂಗಳು ಇಷ್ಟು: ತಾರೀಖು, ವಾರ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಜಾಗದ ಪೂರ್ತಿ ವಿಳಾಸ, ಯಾವ ಬಾಗಿಲು, ಯಾರಿಗಾಗಿ, ನೋಂದಣಿಯ ಕೊನೆಯ ದಿನ, ಖರ್ಚು, ಯಾರನ್ನು ಕೇಳಬೇಕು, ಈ ವಿವರ ಕಳಿಸಿದವರು ಯಾರು, ನಾನು ಅವರಿಂದ ಖಚಿತ ಮಾಡಿಕೊಂಡದ್ದು ಯಾವತ್ತು. ಜಾಲತಾಣದ ಕ್ಯಾಲೆಂಡರು, ಸುದ್ದಿಪತ್ರ, ಫೇಸ್‌ಬುಕ್ ಪುಟ ಎಲ್ಲಕ್ಕೂ ವಿವರ ಈ ಸಾಲಿನಿಂದಲೇ ಹೋಗಬೇಕು. ಹಳೆಯ ಇಮೇಲ್ ತೆರೆದು ಅಲ್ಲಿಂದ ನಕಲು ಮಾಡಿದಿರೋ, ಬದಲಾದ ಹೊತ್ತು ಒಂದು ಕಡೆ ತಿದ್ದಿರುತ್ತದೆ, ಎರಡು ಕಡೆ ಹಾಗೇ ಉಳಿದಿರುತ್ತದೆ.

‘ಯಾವ ಬಾಗಿಲು’ ಅನ್ನುವ ಕಾಲಂ ನೋಡಿ ನಗಬೇಡಿ. ಇಲ್ಲಿನ ಹಳೆಯ ಚರ್ಚುಗಳಿಗೆ ನಾಲ್ಕೈದು ಬಾಗಿಲು, ವಾರದ ದಿನ ತೆರೆದಿರುವುದು ಒಂದು. ಲಿಫ್ಟು ಅಥವಾ ಗಾಲಿಕುರ್ಚಿಯ ಇಳಿಜಾರು ಇರುವುದು ಬಹುಪಾಲು ವಾಹನ ನಿಲ್ಲಿಸುವ ಕಡೆಯ ಬಾಗಿಲಲ್ಲಿ.

ವಾರ ಮತ್ತು ತಾರೀಖು ಎರಡನ್ನೂ ಕಳಿಸುವವರಿಂದಲೇ ಬರೆಸಿಕೊಳ್ಳಿ. ಶೀಟಿನಲ್ಲಿ ತಾರೀಖಿನಿಂದ ವಾರವನ್ನು ತಾನಾಗಿ ತೋರಿಸುವ ಸೂತ್ರವನ್ನು ಪಕ್ಕದ ಕಾಲಂನಲ್ಲಿ ಹಾಕಿ, ಅವರು ಬರೆದ ವಾರಕ್ಕೆ ಹೋಲಿಸಿ. ಎರಡೂ ಕೂಡದಿದ್ದರೆ ಊಹೆ ಮಾಡಿ ತಿದ್ದಲೇಬೇಡಿ, ಫೋನ್ ಮಾಡಿ. ಬರೆದವರು ಹೋದ ವರ್ಷದ ಪ್ರಕಟಣೆಯನ್ನೇ ತೆಗೆದು ತಾರೀಖು ಬದಲಿಸಿ ವಾರ ಮರೆತಿರಬಹುದು, ವಾರ ಬದಲಿಸಿ ತಾರೀಖು ಮರೆತಿರಲೂಬಹುದು. ಯಾವುದು ಸರಿ ಅನ್ನುವುದು ನಿಮಗೆ ತಿಳಿಯುವ ಹಾಗಿಲ್ಲ.

ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ. 2026ರ ಈಸ್ಟರ್ ಏಪ್ರಿಲ್ 5. ಇಲ್ಲಿಯವರು ಅದನ್ನು 4/5 ಎಂದು ಬರೆಯುತ್ತಾರೆ, ನಮ್ಮ ಕಣ್ಣಿಗೆ ಅದು ಮೇ 4. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ತಂಟೆಯೇ ಇಲ್ಲ. ‘12 ಗಂಟೆ’ ಎಂದು ಬಿಡುವ ಬದಲು ‘ನಡುಮಧ್ಯಾಹ್ನ 12’ ಎಂದೇ ಬರೆಯಿರಿ.

ವರ್ಷದಲ್ಲಿ ಎರಡು ಭಾನುವಾರ ಗಡಿಯಾರವೇ ಕೈಕೊಡುತ್ತದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದೆ, ನವೆಂಬರಿನ ಮೊದಲ ಭಾನುವಾರ ಒಂದು ಗಂಟೆ ಹಿಂದೆ. ಅದರ ಹಿಂದಿನ ಸಂಚಿಕೆಯಲ್ಲಿ ಮೊದಲ ಸಾಲೇ ಇದು. ಕರ್ನಾಟಕದ ಸಭೆಯೊಂದರ ಜೊತೆ ಜೂಮ್ ಪ್ರಾರ್ಥನೆ ಇಟ್ಟುಕೊಂಡವರು ಇನ್ನೂ ಎಚ್ಚರವಾಗಿರಬೇಕು. ಭಾರತದ ಗಡಿಯಾರ ಬದಲಾಗುವುದಿಲ್ಲ. ನ್ಯೂಯಾರ್ಕ್ ಕಡೆಯ ಬೆಳಿಗ್ಗೆ 8:30 ಅಂದರೆ ಚಳಿಗಾಲದಲ್ಲಿ ಬೆಂಗಳೂರಿನ ಸಂಜೆ 7, ಬೇಸಿಗೆಯಲ್ಲಿ ಸಂಜೆ 6. ಎರಡೂ ಊರಿನ ಹೊತ್ತನ್ನು ಬರೆದು, ಮಾರ್ಚ್ ಮತ್ತು ನವೆಂಬರಿನಲ್ಲಿ ಯಾರು ಹೊಂದಿಕೊಳ್ಳಬೇಕು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಬುಧವಾರವೇ ಏಕೆ

ಸಂಚಿಕೆ ಹೋಗುವುದು ತಿಂಗಳ ಮೊದಲ ಮತ್ತು ಮೂರನೇ ಬುಧವಾರ, ಬೆಳಿಗ್ಗೆ 9ಕ್ಕೆ. ಇದಕ್ಕೆ ಕಾರಣ ಭಾನುವಾರದ ಬುಲೆಟಿನ್, ಅಂದರೆ ಆರಾಧನೆಗೆ ಬಂದವರಿಗೆ ಹಂಚುವ ಅಚ್ಚಿನ ಹಾಳೆ. ನಮ್ಮ ಸಭೆಗಳ ಕಚೇರಿಗಳಲ್ಲಿ ಕಾರ್ಯದರ್ಶಿಗಳು ಬಹುಪಾಲು ಅರೆಕಾಲಿಕ ಕೆಲಸದವರು, ಬುಲೆಟಿನ್ ಅಚ್ಚು ಮಾಡುವುದು ಗುರುವಾರ. ಶುಕ್ರವಾರ ಕಳಿಸಿದ ಸುದ್ದಿ ಆ ಭಾನುವಾರ ಬೆಂಚಿನ ಮೇಲೆ ಕೂತವರನ್ನು ಮುಟ್ಟುವುದಿಲ್ಲ. ಇಮೇಲ್ ನೋಡದ ವಯಸ್ಸಾದವರಿಗೆ ಬುಲೆಟಿನ್ನೇ ಸುದ್ದಿಪತ್ರ. ವಿವರ ಕಳಿಸುವ ಕೊನೆಯ ಹೊತ್ತು ಹಿಂದಿನ ಗುರುವಾರ ಮಧ್ಯಾಹ್ನ. ಶುಕ್ರವಾರ ಫೋನ್ ಮಾಡಿ ಖಚಿತಪಡಿಸುವುದು, ಸೋಮವಾರ ಜೋಡಿಸುವುದು, ಮಂಗಳವಾರ ಬೇರೆಯವರ ಕಣ್ಣಿಗೆ ಹಾಕುವುದು. ಕರಡು ಓದುವವರು ಇಬ್ಬರಿರಲಿ: ಒಬ್ಬರು ಬರೀ ತಾರೀಖು, ಹೊತ್ತು, ಕೊಂಡಿಗಳನ್ನು ಒತ್ತಿ ನೋಡಲಿ, ಇನ್ನೊಬ್ಬರು ಹೆಸರುಗಳ ಕಾಗುಣಿತ ನೋಡಲಿ. ಒಬ್ಬರಿಗೇ ಎರಡೂ ಕೊಟ್ಟರೆ ಓದುತ್ತಾ ಓದುತ್ತಾ ವಿಷಯದೊಳಗೆ ಮುಳುಗಿಬಿಡುತ್ತಾರೆ.

ಪ್ರತಿ ಕಾರ್ಯಕ್ರಮಕ್ಕೆ ಎರಡು ಪ್ರತಿ ಬರೆಯುತ್ತೇನೆ. ಇಮೇಲಿಗೆ 60 ಪದದೊಳಗೆ, ಬುಲೆಟಿನ್ನಿಗೆ ಅಥವಾ ಆರಾಧನೆಯಲ್ಲಿ ಓದಿ ಹೇಳುವುದಕ್ಕೆ 25 ಪದದೊಳಗೆ. ಚಿಕ್ಕದು ಹೀಗಿರುತ್ತದೆ: ‘ಹಿರಿಯರ ತರಬೇತಿ, ಶನಿವಾರ, ಮಾರ್ಚ್ 14, ಬೆಳಿಗ್ಗೆ 9ರಿಂದ ನಡುಮಧ್ಯಾಹ್ನ 12. ಹೊಸದಾಗಿ ಆಯ್ಕೆಯಾದ ಹಿರಿಯರು, ಡೀಕನ್ನರಿಗೆ. ಶುಲ್ಕವಿಲ್ಲ. ಮಾರ್ಚ್ 6ರೊಳಗೆ ಹೆಸರು ಕೊಡಿ.’ (ಡೀಕನ್ನರು ಅಂದರೆ ಸಭೆಯ ಸೇವಾಕಾರ್ಯ ನೋಡಿಕೊಳ್ಳುವವರು.) ‘ಸಂತೋಷದಿಂದ ತಿಳಿಸುವುದೇನೆಂದರೆ’ ಅನ್ನುವ ಪೀಠಿಕೆ ಬೇಡ. ನೀವು ಚಿಕ್ಕದನ್ನು ಬರೆದುಕೊಡದಿದ್ದರೆ ಕಾರ್ಯದರ್ಶಿಯವರೇ ಕತ್ತರಿಸುತ್ತಾರೆ, ಆಗ ಕತ್ತರಿಗೆ ಮೊದಲು ಸಿಕ್ಕುವುದು ಕೊನೆಯ ಸಾಲಿನಲ್ಲಿರುವ ನೋಂದಣಿಯ ತಾರೀಖು.

ಒಂದು ಕಾರ್ಯಕ್ರಮ ಮೂರು ಸಲ ಬರಬೇಕು. ಆರು ವಾರ ಮುಂಚೆ ತಾರೀಖು ಮಾತ್ರ, ಮೂರು ವಾರ ಮುಂಚೆ ಪೂರ್ತಿ ವಿವರ, ಕೊನೆಯ ವಾರ ಎರಡು ಸಾಲಿನ ನೆನಪು. ನಾಲ್ಕನೇ ಸಲ ಹಾಕಿದರೆ ಓದುಗರು ಇಡೀ ಪತ್ರವನ್ನೇ ದಾಟಿಸಿಬಿಡುತ್ತಾರೆ.

ಹಿಂದಿನಿಂದ ಎಣಿಸುವುದು

ಕಷ್ಟದ ಭಾಗ ಇದು. ಪ್ರೆಸ್ಬಿಟರಿ ವರ್ಷಕ್ಕೆ ಕನಿಷ್ಠ ಎರಡು ಸಲ ಕೂಡಬೇಕು ಅನ್ನುವುದು ಸಂವಿಧಾನದ ನಿಯಮ. ನಮ್ಮದು ನಾಲ್ಕು ಸಲ ಕೂಡುತ್ತದೆ: ಫೆಬ್ರವರಿ, ಮೇ, ಸೆಪ್ಟೆಂಬರ್, ನವೆಂಬರ್. ಕೂಟದ ತಾರೀಖೊಂದನ್ನೇ ಹಾಕಿದರೆ ಅರ್ಧ ಕೆಲಸ. ಕಾಗದಪತ್ರ ಯಾವತ್ತು ಸಿಗುತ್ತದೆ, ಸೆಷನ್ನು ತನ್ನ ಪ್ರತಿನಿಧಿ ಹಿರಿಯರ ಹೆಸರನ್ನು ಯಾವತ್ತಿನೊಳಗೆ ಕೊಡಬೇಕು, ಸಮಿತಿಗಳ ವರದಿ ಸ್ಟೇಟೆಡ್ ಕ್ಲರ್ಕ್ (ಪ್ರೆಸ್ಬಿಟರಿಯ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಕೈಗೆ ಯಾವತ್ತು ಸೇರಬೇಕು, ಎಲ್ಲವೂ ಪ್ರತ್ಯೇಕ ಸಾಲುಗಳು.

ಜನರಲ್ ಅಸೆಂಬ್ಲಿ ಇರುವ ವರ್ಷ ಈ ಲೆಕ್ಕ ಇನ್ನೂ ಬಿಗಿ. 2024ರದ್ದು ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯಿತು, 2026ರದ್ದು ಮಿಲ್ವಾಕಿಯಲ್ಲಿ. ಚರ್ಚಿನ ಸಂವಿಧಾನ ತಿದ್ದಬೇಕೆನ್ನುವ ಮನವಿ, ಇಲ್ಲಿಯ ಮಾತಿನಲ್ಲಿ ಓವರ್ಚರ್, ಅಸೆಂಬ್ಲಿ ಶುರುವಾಗುವ 120 ದಿನ ಮುಂಚೆ ತಲುಪಿರಬೇಕು. ಜೊತೆಗೆ ಇನ್ನೊಂದು ಪ್ರೆಸ್ಬಿಟರಿಯಾದರೂ ಅದಕ್ಕೆ ಸಹಮತ ಸೂಚಿಸಿರಬೇಕು. ಬೇಸಿಗೆಯ ಅಸೆಂಬ್ಲಿಯಿಂದ 120 ದಿನ ಹಿಂದಕ್ಕೆ ಎಣಿಸಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಂದು ನಿಲ್ಲುತ್ತೀರಿ. ಫೆಬ್ರವರಿ ಕೂಟದಲ್ಲಿ ಮತಕ್ಕೆ ಹಾಕಿಕೊಂಡರೆ ಸಹಮತ ಕೇಳುವುದಕ್ಕೆ ದಿನವೇ ಉಳಿಯುವುದಿಲ್ಲ, ಏಕೆಂದರೆ ಪಕ್ಕದ ಪ್ರೆಸ್ಬಿಟರಿಯೂ ತನ್ನ ಕೂಟದಲ್ಲೇ ಮತ ಹಾಕಬೇಕು. ಆದ್ದರಿಂದ ನವೆಂಬರ್ ಕೂಟ, ಅದಕ್ಕೆ ಅಕ್ಟೋಬರಿನಲ್ಲಿ ಸೆಷನ್ನಿನ ತೀರ್ಮಾನ, ಅದಕ್ಕೆ ಸೆಪ್ಟೆಂಬರಿನಲ್ಲಿ ಕರಡು. ಅಸೆಂಬ್ಲಿಯ ಸುದ್ದಿಯನ್ನು ಹಿಂದಿನ ವರ್ಷದ ಆಗಸ್ಟಿನಲ್ಲೇ ಹಾಕುವುದು ಈ ಲೆಕ್ಕದಿಂದ.

ವಿಶೇಷ ಕಾಣಿಕೆಗಳಿಗೂ ಇದೇ ದಾರಿ. ವರ್ಷಕ್ಕೆ ನಾಲ್ಕು. ‘ಒನ್ ಗ್ರೇಟ್ ಅವರ್ ಆಫ್ ಶೇರಿಂಗ್’ ಎಂಬ ವಿಪತ್ತು ಮತ್ತು ಹಸಿವಿನ ಪರಿಹಾರದ ಕಾಣಿಕೆಯನ್ನು ಈಸ್ಟರಿನ ಹಿಂದಿನ ಭಾನುವಾರವಾದ ಗರಿಗಳ ಭಾನುವಾರ ಇಲ್ಲವೇ ಈಸ್ಟರ್ ದಿನ ಎತ್ತುತ್ತಾರೆ. ಈಸ್ಟರ್ ಆಗಿ ಏಳು ವಾರದ ಮೇಲೆ ಬರುವ ಪಂಚಾಶತ್ತಮ ಹಬ್ಬದ ಕಾಣಿಕೆ ಮಕ್ಕಳು ಮತ್ತು ಯುವಜನರಿಗೆ, ಅದರಲ್ಲಿ 40% ಊರಿನ ಸಭೆಯಲ್ಲೇ ಉಳಿಯುತ್ತದೆ. ಅಕ್ಟೋಬರಿನ ಮೊದಲ ಭಾನುವಾರ, ಅಂದರೆ ಲೋಕವ್ಯಾಪಿ ಪ್ರಭುಭೋಜನದ ದಿನ, ಶಾಂತಿಯ ಕಾಣಿಕೆ: 25% ಸಭೆಗೆ, 25% ಪ್ರೆಸ್ಬಿಟರಿ ಮತ್ತು ಸಿನಡ್‌ಗೆ, ಉಳಿದರ್ಧ ರಾಷ್ಟ್ರಮಟ್ಟಕ್ಕೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಕಾಣಿಕೆ. ಎರಡರಲ್ಲಿ ಸಭೆಯ ಪಾಲು ಇದೆ ಅನ್ನುವುದನ್ನು ಪ್ರತಿ ಸಲ ಬರೆಯಬೇಕು. ಖಜಾಂಚಿಗಳು ಬದಲಾಗುತ್ತಿರುತ್ತಾರೆ, ಹೊಸಬರು ಪೂರ್ತಿ ಹಣವನ್ನು ಮೇಲಕ್ಕೆ ಕಳಿಸಿಬಿಡುತ್ತಾರೆ. ಲಕೋಟೆ, ಪೋಸ್ಟರು ತರಿಸಿಕೊಳ್ಳುವ ನೆನಪೂ ಆರು ವಾರ ಮುಂಚೆಯೇ ಹೋಗಲಿ. ಈಸ್ಟರಿನ ತಾರೀಖು ಪ್ರತಿ ವರ್ಷ ಬದಲಾಗುವುದರಿಂದ (2027ರಲ್ಲಿ ಮಾರ್ಚ್ 28) ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಬೂದಿ ಬುಧವಾರ, ಗರಿಗಳ ಭಾನುವಾರ, ಪಂಚಾಶತ್ತಮ ಎಲ್ಲವೂ ಜೊತೆಗೇ ಬದಲಾಗುತ್ತವೆ. ಹೋದ ವರ್ಷದ ಪಟ್ಟಿಯನ್ನು ನಕಲು ಮಾಡಿದವರು ಸಿಕ್ಕಿಬೀಳುವುದು ಇಲ್ಲೇ. ಲಕೋಟೆಯ ನೆನಪನ್ನು ಆ ವರ್ಷದ ಈಸ್ಟರಿನಿಂದ ಹಿಂದಕ್ಕೆ ಎಣಿಸಿ ಹೊಸದಾಗಿ ಬರೆಯಿರಿ.

ಸಭಾಪಾಲಕರ ಪ್ರತಿಷ್ಠಾಪನೆಯ ಆರಾಧನೆ ಭಾನುವಾರ ಮಧ್ಯಾಹ್ನ 3 ಅಥವಾ 4ಕ್ಕೆ ಇರುತ್ತದೆ, ಬೇರೆ ಸಭೆಗಳ ಪಾಲಕರು ಬೆಳಗಿನ ಆರಾಧನೆ ಮುಗಿಸಿ ಬರಲಿ ಎಂದು. ಅವರು ಹೆಗಲ ಮೇಲೆ ಹಾಕುವ ಕೆಂಪು ಪಟ್ಟಿ, ಅಂದರೆ ಸ್ಟೋಲ್, ತರಬೇಕೇ ಅನ್ನುವುದನ್ನು ಬರೆಯಿರಿ, ಬರೆಯದಿದ್ದರೆ ಹತ್ತು ಜನ ಫೋನ್ ಮಾಡುತ್ತಾರೆ. ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಕೊನೆಯ ಪಂದ್ಯವಾದ ಸೂಪರ್ ಬೌಲ್ ನಡೆಯುವ ಭಾನುವಾರ ಇಟ್ಟುಕೊಂಡರೆ ಬೆಂಚುಗಳು ಖಾಲಿ. ಹಿಮ ಬೀಳುವ ತಿಂಗಳಲ್ಲಿ ಪ್ರತಿ ಪ್ರಕಟಣೆಗೂ ಒಂದು ಸಾಲು ಸೇರಿಸಿ: ರದ್ದಾದರೆ ಬೆಳಿಗ್ಗೆ 7ರೊಳಗೆ ಜಾಲತಾಣದಲ್ಲಿ ಹಾಕುತ್ತೇವೆ.

ಬರೆಯಬಾರದ ಸುದ್ದಿ

ಯಾವ ಸಭೆಗೆ ಯಾವ ಪಾಲಕರು ಬರುತ್ತಾರೆ ಅನ್ನುವ ಸುದ್ದಿ ನಿಮ್ಮ ಕಿವಿಗೆ ಎಲ್ಲರಿಗಿಂತ ಮೊದಲು ಬೀಳುತ್ತದೆ. ಆ ಸಭೆಯವರು ಮತ ಹಾಕುವ ಮುಂಚೆ ಹೆಸರು ಅಚ್ಚಾಗಬಾರದು. ಅಭ್ಯರ್ಥಿ ಈಗ ಸೇವೆ ಮಾಡುತ್ತಿರುವ ಸಭೆಗೆ ಅದು ಗೊತ್ತೇ ಇಲ್ಲದಿರಬಹುದು. ನಿವೃತ್ತಿಯ ಸುದ್ದಿಯೂ ಹಾಗೆಯೇ, ಪಾಲಕರು ತಮ್ಮ ಸಭೆಗೆ ತಾವೇ ಹೇಳಿದ ಮೇಲೆ ನಮ್ಮ ಸರದಿ. ಸಭೆಯೊಂದು ಮುಚ್ಚುವಾಗ ಪ್ರೆಸ್ಬಿಟರಿಯ ಮತ ಮುಗಿದ ಮೇಲೆ, ಕೊನೆಯ ಆರಾಧನೆಯ ತಾರೀಖನ್ನು ಆ ಸಭೆಯ ಹಿರಿಯರೇ ಒಪ್ಪಿದ ಮಾತುಗಳಲ್ಲಿ ಹಾಕಿ.

ಪ್ರಾರ್ಥನೆಯ ಪಟ್ಟಿಯಲ್ಲಿ ಕಾಯಿಲೆಯ ಹೆಸರು, ಆಸ್ಪತ್ರೆಯ ಕೋಣೆ ಬೇಡ. ಮನೆಯವರು ಒಪ್ಪಿದರೆ ಹೆಸರಿನ ಮೊದಲ ಭಾಗ ಸಾಕು. ಮರಣದ ಸುದ್ದಿಯಲ್ಲಿ ಮನೆಯ ವಿಳಾಸ ಹಾಕಬೇಡಿ. ಶವಸಂಸ್ಕಾರದ ಹೊತ್ತಿಗೆ ಮನೆ ಖಾಲಿ ಇರುತ್ತದೆ ಎಂದು ಕಳ್ಳರಿಗೂ ತಿಳಿಯುತ್ತದೆ. ಸಂತಾಪದ ಕಾಗದಗಳನ್ನು ಚರ್ಚಿನ ವಿಳಾಸಕ್ಕೆ ಕಳಿಸಲು ಹೇಳಿ. ಮಕ್ಕಳ ಫೋಟೋ ಇದ್ದರೆ ಹೆಸರಿಲ್ಲ, ಅದೂ ತಂದೆತಾಯಿಯ ಬರಹದ ಒಪ್ಪಿಗೆ ಇದ್ದರೆ ಮಾತ್ರ.

ಇನ್ನು ಇಮೇಲಿನ ತಾಂತ್ರಿಕ ತೊಡಕುಗಳು. ಸಭೆಗಳು ಕಳಿಸುವುದು ಬಹುಪಾಲು ಚಿತ್ರರೂಪದ ಪೋಸ್ಟರು. ಅದನ್ನೇ ಅಂಟಿಸಿದರೆ ಫೋನಿನಲ್ಲಿ ಅಕ್ಷರ ಇರುವೆಯಷ್ಟು ಕಾಣುತ್ತದೆ, ದೃಷ್ಟಿಯಿಲ್ಲದವರ ಓದುವ ತಂತ್ರಾಂಶಕ್ಕೆ ಏನೂ ಕಾಣುವುದಿಲ್ಲ. ವಿವರವನ್ನು ಪಠ್ಯವಾಗಿ ಟೈಪ್ ಮಾಡಲೇಬೇಕು. ವರ್ಡ್ ಕಡತದಿಂದ ನೇರ ಅಂಟಿಸಬೇಡಿ. ಅದರ ಜೊತೆ ಕಣ್ಣಿಗೆ ಕಾಣದ ಫಾರ್ಮ್ಯಾಟಿಂಗ್ ರಾಶಿ ಬರುತ್ತದೆ, ಸಂದೇಶದ ಕೋಡ್ 102 ಕೆಬಿ ದಾಟಿದರೆ ಜಿಮೇಲ್ ಅಲ್ಲಿಗೇ ಕತ್ತರಿಸುತ್ತದೆ. ಕೆಳಗಿನ ಅರ್ಧ ಯಾರಿಗೂ ಕಾಣಲಿಲ್ಲ ಅನ್ನುವುದು ನಿಮಗೆ ತಿಳಿಯುವುದು ದೂರು ಬಂದ ಮೇಲೆಯೇ. ಫೋಟೋಗಳ ತೂಕ ಈ ಲೆಕ್ಕಕ್ಕೆ ಬರುವುದಿಲ್ಲ.

ಕಳಿಸುವವರ ವಿಳಾಸ ಜಿಮೇಲ್ ಅಥವಾ ಯಾಹೂ ಖಾತೆಯಾಗಿದ್ದು, ಹೊರಡುವುದು ಬೇರೆ ಸೇವೆಯ ಮೂಲಕವಾದರೆ ಸ್ಪ್ಯಾಮಿಗೆ ಬೀಳುವ ಸಂಭವ ಹೆಚ್ಚು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ. ಪ್ರೆಸ್ಬಿಟರಿಯ ಸ್ವಂತ ಡೊಮೇನಿನಿಂದಲೇ ಕಳಿಸಿ, ಇಮೇಲ್ ನಿಜಕ್ಕೂ ಆ ಡೊಮೇನಿನದೇ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕೆಐಎಂ ದಾಖಲೆಗಳನ್ನು ಒಮ್ಮೆ ಸರಿಯಾಗಿ ಹಾಕಿಸಿ. ಎಷ್ಟು ಜನ ತೆರೆದರು ಅನ್ನುವ ಅಂಕಿಯನ್ನು ನಂಬಬೇಡಿ. 2021ರಿಂದ ಆಪಲ್ ಫೋನುಗಳ ಮೇಲ್ ಆ್ಯಪ್, ಓದುಗ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುವುದರಿಂದ ತೆರೆದ ಹಾಗೆಯೇ ಲೆಕ್ಕಕ್ಕೆ ಬರುತ್ತದೆ. ನೋಂದಣಿ ಕೊಂಡಿಯನ್ನು ಎಷ್ಟು ಜನ ಒತ್ತಿದರು ಅನ್ನುವುದನ್ನು ನೋಡಿ.

ತಪ್ಪು ಹೊರಟುಹೋದರೆ? ಇಡೀ ಸಂಚಿಕೆಯನ್ನು ಮತ್ತೆ ಕಳಿಸಬೇಡಿ, ಯಾವುದು ತಿದ್ದಿದ್ದು ಎಂದು ಯಾರೂ ಹುಡುಕುವುದಿಲ್ಲ. ವಿಷಯದ ಸಾಲಿನಲ್ಲೇ ‘ತಿದ್ದುಪಡಿ: ಹಿರಿಯರ ತರಬೇತಿ ಮಾರ್ಚ್ 14, 21 ಅಲ್ಲ’ ಎಂದು ಬರೆದು ಎರಡು ಸಾಲಿನ ಇಮೇಲ್ ಕಳಿಸಿ. ಮೂಲಪಟ್ಟಿಯನ್ನು ಮೊದಲು ತಿದ್ದಿ, ಆಮೇಲೆ ಜಾಲತಾಣ, ಆಮೇಲೆ ಇಮೇಲ್. ಗುರುವಾರ ಮಧ್ಯಾಹ್ನ ದಾಟಿದ್ದರೆ ಬುಲೆಟಿನ್ ಅಚ್ಚಾಗಿರುತ್ತದೆ. ಆಗ ಇಮೇಲ್ ಸಾಲದು, ಸಭೆಗಳ ಕಚೇರಿಗೆ ಒಂದೊಂದಾಗಿ ಫೋನ್ ಮಾಡಿ ಭಾನುವಾರ ಪ್ರಕಟಣೆಯ ಹೊತ್ತಿನಲ್ಲಿ ಬಾಯಲ್ಲಿ ಹೇಳಿಸಬೇಕು. ಎಲ್ಲ ಸಭೆಗಳ ಫೋನ್ ನಂಬರಿನ ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಮಾಡಿ ಇಟ್ಟುಕೊಂಡಿರಿ, ವರ್ಷಕ್ಕೆ ಎರಡು ಸಲ ತಿದ್ದಿಕೊಳ್ಳಿ.